ಮೈಕಸುವು ಮತ್ತು ಎತ್ತರದ ಹೊಂದಿಕೆ: ಹಿಮಾಲಯ ಚಾರಣದ ಸಿದ್ಧತೆ ಕುರಿತು ಒಂದು ಟಿಪ್ಪಣಿ

ಹಿಮಾಲಯಕ್ಕೆ ಹೊರಡುವ ಕನ್ನಡ ಚಾರಣಿಗರಲ್ಲಿ ಹಲವರು ಮೊದಲು ಕುಮಾರಪರ್ವತ, ಮುಳ್ಳಯ್ಯನಗಿರಿಗಳನ್ನು ಹತ್ತಿಳಿದು ಮೈ ಹುರಿಗೊಳಿಸಿಕೊಳ್ಳುತ್ತಾರೆ. ಈ ತಾಲೀಮು ತಲೆನೋವು, ವಾಕರಿಕೆ, ಸುಸ್ತುಗಳಿಂದ ಕಾಣಿಸಿಕೊಳ್ಳುವ ಎತ್ತರದ ಕಾಯಿಲೆಯನ್ನೂ (ಎಎಂಎಸ್) ತಡೆಯುತ್ತದೆಯೇ?

ಲಭ್ಯ ಆಧಾರಗಳು ಇದನ್ನು ಸಮರ್ಥಿಸುವುದಿಲ್ಲ. ಇಂದರ್ ಸಿಂಗ್ ಮತ್ತು ಸಂಗಡಿಗರು 1969ರಲ್ಲಿ ಪ್ರಕಟಿಸಿದ ಅಧ್ಯಯನದ ರೋಗಿಗಳು 1,925 ಭಾರತೀಯ ಸೈನಿಕರು, ಮೈಕಸುವಿಗೆ ಕೊರತೆಯಿದ್ದವರಲ್ಲ. ನೇಪಾಳದ ಫೆರಿಚೆಯಲ್ಲಿ (4,243 ಮೀ.) ಹ್ಯಾಕೆಟ್ ಮತ್ತು ರೆನ್ನಿ 278 ಚಾರಣಿಗರನ್ನು ಪರೀಕ್ಷಿಸಿದಾಗ ಶೇ. 53 ಮಂದಿಗೆ ಕಾಯಿಲೆ ತಗುಲಿತ್ತು. 1976ರ ಆ ವರದಿಯ ಪ್ರಕಾರ ವಿಮಾನದಲ್ಲಿ ಬಂದವರು, ಬೇಗ ಹತ್ತಿದವರು ಮತ್ತು ಕಿರಿಯರಲ್ಲಿ ಅದು ಹೆಚ್ಚು. ಹೊತ್ತ ಭಾರಕ್ಕೂ ಹಿಂದಿನ ಅನುಭವಕ್ಕೂ ಸಂಬಂಧ ಕಾಣಲಿಲ್ಲ. ಮಿಲೆಡ್ಜ್ ಮತ್ತು ಸಂಗಡಿಗರ 1991ರ ಮೌಂಟ್ ಕೀನ್ಯಾ ಅಧ್ಯಯನ ಚಿಕ್ಕದಾದರೂ ದೈಹಿಕ ಕ್ಷಮತೆಯನ್ನು ನೇರವಾಗಿ ಅಳೆದು, ಕಾಯಿಲೆಗೂ ಅದಕ್ಕೂ ನಂಟಿಲ್ಲವೆಂದಿತು.

ಕಾರಣ ಸ್ಪಷ್ಟ. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೆಯ ಎರಡು ಭಾಗದಷ್ಟು ಮಾತ್ರ. ಆಮ್ಲಜನಕದ ಕೊರತೆಗೆ ಉಸಿರಾಟ ಕೂಡಲೇ ಹೆಚ್ಚುತ್ತದೆ. ಇಂಗಾಲದ ಡೈಆಕ್ಸೈಡ್ ಹೊರಹೋಗಿ ರಕ್ತದ ಕ್ಷಾರತೆ ಏರುವುದರಿಂದ ಆ ಹೆಚ್ಚಳಕ್ಕೇ ತಡೆ ಬೀಳುತ್ತದೆ. ಮೂತ್ರಪಿಂಡಗಳು ಬೈಕಾರ್ಬನೇಟ್ ಹೊರಹಾಕಿ ಆ ತಡೆ ನೀಗಲು ದಿನಗಳು ಬೇಕು. ಕೆಂಪು ರಕ್ತಕಣ ಹೆಚ್ಚಲು ವಾರಗಳೇ ಬೇಕು. ತೊಡೆಯ ಬಲ ಈ ಕ್ರಿಯೆಗಳನ್ನು ಚುರುಕುಗೊಳಿಸದು. ಎತ್ತರದ ಕಾಯಿಲೆ ಸಾಮಾನ್ಯವಾಗಿ ತಲೆದೋರುವುದು 2,500 ಮೀಟರ್ ದಾಟಿದ ಮೇಲೆ. ಕರ್ನಾಟಕದ ಯಾವ ಶಿಖರವೂ 2,000 ಮೀಟರ್ ಮುಟ್ಟುವುದಿಲ್ಲ.

ಹಾಗೆಂದು ತಾಲೀಮು ವ್ಯರ್ಥವಲ್ಲ. ಎತ್ತರ ಏರಿದಂತೆ ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕ ಕುಗ್ಗುತ್ತದೆ. ಕಸುವುಳ್ಳವರು ಅದೇ ದಾರಿಯನ್ನು ಕಡಿಮೆ ದಣಿವಿನಿಂದ ಕ್ರಮಿಸುತ್ತಾರೆ. ಇಳಿಜಾರಿನಲ್ಲಿ ಮಂಡಿಗಳೂ ತಾಳಿಕೊಳ್ಳುತ್ತವೆ. ಆದರೆ ಇದೇ ಬಲ ಅವರನ್ನು ಅವಸರಕ್ಕೂ ದೂಡಬಹುದು.

ಆದ್ದರಿಂದ ಸಿದ್ಧತೆ ಎರಡು ಬಗೆಯದು. ಊರಿನಲ್ಲಿ ಎರಡು–ಮೂರು ತಿಂಗಳ ನಡಿಗೆ, ಮೆಟ್ಟಿಲು ಹತ್ತಿಳಿಯುವಿಕೆ, ಬೆನ್ನುಚೀಲದ ಅಭ್ಯಾಸ. ಬೆಟ್ಟದಲ್ಲಿ, 3,000 ಮೀಟರ್ ದಾಟಿದ ಬಳಿಕ, ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸದಿರುವುದು ಮತ್ತು ಮೂರು–ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ದಿನ ತಂಗುವುದು. ಕಾಯಿಲೆ ತಡೆಯಲು ಬಳಸುವ ಅಸಿಟಜೋಲಮೈಡ್ ಮಾತ್ರೆ ವೈದ್ಯರ ಸಲಹೆಯಂತೆ ಮಾತ್ರ. ನಡೆ ತಪ್ಪಿದರೆ, ಮಾತು ತೊದಲಿದರೆ, ಕೂತಲ್ಲೇ ಏದುಸಿರು ಬಂದರೆ ಕೂಡಲೇ ಇಳಿಯಬೇಕು. ರಜೆ ಕಡಿಮೆಯಿದ್ದವರು ತಗ್ಗಿನ ಶಿಖರವನ್ನು ಆರಿಸಿಕೊಳ್ಳಲಿ. ದಾರಿಯಲ್ಲಿ ತಂಗಬೇಕಾದ ರಾತ್ರಿಗಳನ್ನು ಕಡಿತಗೊಳಿಸದಿರಲಿ.