ತಾಡಿವಾಲಾ ರಸ್ತೆಯಿಂದ ಉರುಳಿಗೆ: ಹೊಟ್ಟೆ, ಹಾರ್ಮೋನು, ದಣಿವು

ಪುಣೆ ರೈಲು ನಿಲ್ದಾಣದ ಹಿಂಬದಿಗೆ ತಾಡಿವಾಲಾ ರಸ್ತೆ ಇದೆ. ಅಲ್ಲೇ ಬಾಪು ಭವನ. ಇವತ್ತು ಅದು ಕೇಂದ್ರ ಸರ್ಕಾರದ ರಾಷ್ಟ್ರೀಯ ಪ್ರಕೃತಿ ಚಿಕಿತ್ಸಾ ಸಂಸ್ಥೆ. ಆ ಹೆಸರು ಬಂದದ್ದು 1986ರಲ್ಲಿ. ಅದಕ್ಕೂ ಮುಂಚೆ ಅದು ಡಾ. ದಿನ್‌ಶಾ ಮೆಹ್ತಾ ಎಂಬ ಪಾರ್ಸಿ ವೈದ್ಯರ ನೇಚರ್ ಕ್ಯೂರ್ ಕ್ಲಿನಿಕ್ ಆಗಿತ್ತು. ಗಾಂಧೀಜಿ 1944ರಿಂದ 46ರ ನಡುವೆ ಹಲವು ಸಲ ಇಲ್ಲಿ ಬಂದು ಉಳಿದಿದ್ದರು. ಪುಣೆಯಲ್ಲಿ ನೌಕರಿ ಮಾಡುವ ನಮ್ಮಂಥ ಕನ್ನಡಿಗರು ಊರಿಗೆ ಹೋಗುವ ಗಡಿಬಿಡಿಯಲ್ಲಿ ಆ ನಿಲ್ದಾಣಕ್ಕೆ ಎಷ್ಟು ಸಲ ಓಡಿದ್ದೇವೋ! ಹಿಂದಿನ ರಸ್ತೆಯಲ್ಲಿ ಇಂಥದೊಂದು ಚರಿತ್ರೆ ಇದೆಯೆಂದು ತಿಳಿದವರು ಕಡಿಮೆ.

ಈ ಚರಿತ್ರೆಯನ್ನು ಕೆದಕಲು ನನಗೆ ಕಾರಣವಾದದ್ದು ಇತ್ತೀಚೆಗೆ ಆಫೀಸಿನ ಊಟದ ಮೇಜಿನ ಮೇಲೆ ಓಡಾಡುವ ಮೂರು ಮಾತುಗಳು: ಗಟ್, ಹಾರ್ಮೋನು, ಸುಸ್ತು. ಹೊಟ್ಟೆ ಕೆಟ್ಟಿದ್ದರಿಂದ ಹಾರ್ಮೋನು ಏರುಪೇರು, ಹಾರ್ಮೋನು ಏರುಪೇರಾದ್ದರಿಂದ ದಣಿವು, ಹಾಗಾಗಿ ಹೊಟ್ಟೆ ಶುದ್ಧಿ ಮಾಡಿಕೊಂಡರೆ ಎಲ್ಲವೂ ಸರಿ. ಕೇಳುವುದಕ್ಕೆ ಹೊಸ ವಿಜ್ಞಾನದಂತಿದೆ. ಆದರೆ ಇದಕ್ಕೆ ನೂರು ವರ್ಷಕ್ಕೂ ಮೀರಿದ ವಯಸ್ಸು. ಇದರ ಒಂದು ಬೇರು ಜರ್ಮನಿಯಲ್ಲಿದೆ, ಒಂದು ಲಂಡನ್ನಿನಲ್ಲಿ, ಇನ್ನೊಂದು ನಮ್ಮ ಪುಣೆಯಲ್ಲೇ.

ಜರ್ಮನಿಯಿಂದ ಶುರುಮಾಡೋಣ. ಲೈಪ್‌ಜಿಗ್ ನಗರದಲ್ಲಿ 1883ರಲ್ಲಿ ಲೂಯಿ ಕೂನೆ ಎಂಬಾತ ಒಂದು ಚಿಕಿತ್ಸಾಲಯ ತೆರೆದ. ಆತ ವೈದ್ಯಕೀಯ ಓದಿದವನಲ್ಲ. ರೋಗಗಳು ಹಲವಲ್ಲ, ಒಂದೇ. ದೇಹದೊಳಗೆ ಸೇರಿಕೊಂಡ ಕಲ್ಮಶವೇ ಅದರ ಮೂಲ. ಆ ಕಲ್ಮಶ ಮೊದಲು ಕೂಡಿಬೀಳುವುದು ಹೊಟ್ಟೆಯ ಕೆಳಭಾಗದಲ್ಲಿ. ಇದು ಅವನ ಸಿದ್ಧಾಂತ. ಮದ್ದು ಕಟಿಸ್ನಾನ: ತೊಟ್ಟಿಯ ತಣ್ಣೀರಿನಲ್ಲಿ ಸೊಂಟದವರೆಗೆ ಕುಳಿತು ಕಿಬ್ಬೊಟ್ಟೆಯನ್ನು ಒರಟು ಬಟ್ಟೆಯಿಂದ ಉಜ್ಜುವುದು. ಜೊತೆಗೆ ಹಬೆ, ಬಿಸಿಲು, ಸಪ್ಪೆ ಊಟ. ಅವನ ಪುಸ್ತಕ ಬಹಳ ಬೇಗ ಭಾರತಕ್ಕೆ ಬಂತು. 1894ರಲ್ಲಿ ತೆಲುಗಿಗೆ, ಆಮೇಲೆ ಹಿಂದಿ, ಉರ್ದುವಿಗೆ ಅನುವಾದವಾಯಿತು ಎನ್ನುತ್ತಾರೆ ಈ ಚಿಕಿತ್ಸೆಯ ಚರಿತ್ರೆ ಬರೆದವರು. ನಮ್ಮವರಿಗೆ ಅದು ಪರಕೀಯ ಅನ್ನಿಸಿರಲಾರದು. ಏಕಾದಶಿಗೆ ಉಪವಾಸ ಇದ್ದು, ತಿಂಗಳಿಗೊಮ್ಮೆ ಮಕ್ಕಳ ಮೂಗು ಹಿಡಿದು ಹರಳೆಣ್ಣೆ ಕುಡಿಸುತ್ತಿದ್ದ ಮನೆಗಳಿಗೆ, ರೋಗವೆಲ್ಲ ಹೊಟ್ಟೆಯಿಂದಲೇ ಎಂದು ಜರ್ಮನಿಯವನೊಬ್ಬ ಹೇಳಿದರೆ ಹೌದಲ್ಲ ಅನ್ನಿಸುವುದು ಸಹಜ.

ಜೊಹಾನ್ಸ್‌ಬರ್ಗಿನಲ್ಲಿದ್ದ ಬ್ಯಾರಿಸ್ಟರ್ ಗಾಂಧಿಗೂ ಹಾಗೇ ಅನ್ನಿಸಿತು. ಆತ್ಮಕಥೆಯಲ್ಲಿ ಅವರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ: ಮಲಬದ್ಧತೆ, ಮತ್ತೆ ಮತ್ತೆ ತಲೆನೋವು, ಭೇದಿ ಔಷಧಿಯ ಮೇಲೆಯೇ ದಿನ ನೂಕುವುದು. ಬೆಳಗಿನ ತಿಂಡಿ ಬಿಟ್ಟು ನೋಡಿದರು. ತಲೆನೋವು ಹೋಯಿತು, ಮಲಬದ್ಧತೆ ಉಳಿಯಿತು. ಕೂನೆಯ ಕಟಿಸ್ನಾನದಿಂದ ಸ್ವಲ್ಪ ಹಗುರವಾಯಿತು. ಆಮೇಲೆ ಅಡಾಲ್ಫ್ ಜಸ್ಟ್ ಎಂಬ ಇನ್ನೊಬ್ಬ ಜರ್ಮನ್ನನ ಪುಸ್ತಕ ಕೈಗೆ ಬಂತು. ಒದ್ದೆ ಮಣ್ಣನ್ನು ಬಟ್ಟೆಯಲ್ಲಿ ಹರಡಿ ರಾತ್ರಿ ಹೊಟ್ಟೆಗೆ ಕಟ್ಟಿಕೊಂಡು ಮಲಗತೊಡಗಿದರು. ಅದು ಫಲಿಸಿತು ಎನ್ನುತ್ತಾರೆ. ಅಲ್ಲಿಂದ ಮುಂದೆ ಮಣ್ಣಿನ ಪಟ್ಟಿ ಅವರ ಬದುಕಿನುದ್ದಕ್ಕೂ ಜೊತೆಗಿತ್ತು.

ಗಮನಿಸಬೇಕಾದದ್ದೆಂದರೆ, ಅದೇ ಕಾಲದಲ್ಲಿ ದೊಡ್ಡ ದೊಡ್ಡ ವೈದ್ಯರೂ ಇದನ್ನೇ ಹೇಳುತ್ತಿದ್ದರು. ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯ ಮೆಚ್ನಿಕಾಫ್, 1908ರಲ್ಲಿ ನೊಬೆಲ್ ಪಡೆದ ವಿಜ್ಞಾನಿ, ದೊಡ್ಡ ಕರುಳಿನಲ್ಲಿ ಆಹಾರ ಕೊಳೆತು ವಿಷವಾಗುತ್ತದೆ, ಮುಪ್ಪಿಗೆ ಅದೇ ಕಾರಣ, ಹುಳಿ ಮೊಸರು ತಿನ್ನಿ ಎಂದ. ಲಂಡನ್ನಿನ ಶಸ್ತ್ರವೈದ್ಯ ಸರ್ ಆರ್ಬತ್‌ನಾಟ್ ಲೇನ್ ಇನ್ನೂ ಮುಂದೆ ಹೋಗಿ, ಮಲಬದ್ಧತೆ ಇದ್ದವರ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯತೊಡಗಿದ. ಅಮೆರಿಕದ ಬ್ಯಾಟಲ್ ಕ್ರೀಕಿನಲ್ಲಿ ಡಾ. ಕೆಲ್ಲಾಗ್ ಎನಿಮಾ, ಮೊಸರು, ತೌಡಿನ ಆಹಾರಗಳ ದೊಡ್ಡ ಆರೋಗ್ಯಧಾಮವನ್ನೇ ನಡೆಸಿದ. ತನ್ನ ಕರುಳಿನಿಂದಲೇ ತನಗೆ ವಿಷವೇರುತ್ತದೆ ಎಂಬ ಈ ಕಲ್ಪನೆ ಬೀದಿ ವೈದ್ಯರಲ್ಲಷ್ಟೇ ಅಲ್ಲ, ಪ್ರಯೋಗಾಲಯದಲ್ಲೂ ಆಸ್ಪತ್ರೆಯಲ್ಲೂ ಬೆಳೆದದ್ದು.

ಅದನ್ನು ಕೆಡವಿದ್ದೂ ಪ್ರಯೋಗವೇ. 1919ರಲ್ಲಿ ವಾಲ್ಟರ್ ಅಲ್ವಾರೆಜ್ ಎಂಬ ಅಮೆರಿಕದ ವೈದ್ಯ ಒಂದು ಸರಳ ಪ್ರಶ್ನೆ ಕೇಳಿದ. ಮಲ ವಿಸರ್ಜನೆಯಾದ ಕೆಲವೇ ನಿಮಿಷಗಳಲ್ಲಿ ತಲೆಭಾರ, ಮಂಕು ಇಳಿದುಬಿಡುತ್ತದೆ. ರಕ್ತಕ್ಕೆ ವಿಷ ಏರಿದ್ದರೆ ಅದು ಅಷ್ಟು ಬೇಗ ಹೇಗೆ ಇಳಿದೀತು? ಹಾಗಾದರೆ ಇದು ವಿಷವಲ್ಲ, ತುಂಬಿದ ಕರುಳಿನ ಒತ್ತಡ ನರಗಳ ಮೂಲಕ ಮಾಡುವ ಕೆಲಸ. ಮೂರು ವರ್ಷದ ಬಳಿಕ, 1922ರಲ್ಲಿ, ಡೊನಾಲ್ಡ್‌ಸನ್ ಎಂಬಾತ ಆರೋಗ್ಯವಂತ ಸ್ವಯಂಸೇವಕರ ಗುದನಾಳದಲ್ಲಿ ಹತ್ತಿ ತುಂಬಿ ನೋಡಿದ. ಹತ್ತಿಯಲ್ಲಿ ಯಾವ ವಿಷವಿದೆ? ಆದರೂ ಅವರಿಗೆ ಅದೇ ತಲೆನೋವು, ಅದೇ ಮಂಕು ಬಂತು. ಹತ್ತಿ ತೆಗೆದೊಡನೆ ಹೋಯಿತು. ವೈದ್ಯಲೋಕ ಆ ಸಿದ್ಧಾಂತವನ್ನು ನಿಧಾನಕ್ಕೆ ಬಿಟ್ಟುಕೊಟ್ಟಿತು. ಜನ ಮಾತ್ರ ಬಿಡಲಿಲ್ಲ.

ಹಾರ್ಮೋನಿನ ಕಥೆಯೂ ಕರುಳಿನಿಂದಲೇ ಶುರುವಾಗುತ್ತದೆ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಇಬ್ಬರು 1902ರಲ್ಲಿ ನಾಯಿಯ ಸಣ್ಣ ಕರುಳಿನ ಒಂದು ತುಂಡಿಗೆ ಹೋಗುವ ನರಗಳನ್ನೆಲ್ಲ ಕತ್ತರಿಸಿ, ಅದರೊಳಗೆ ಆಮ್ಲ ಹಾಕಿದರು. ನರವೇ ಇಲ್ಲದಿದ್ದರೂ ಮೇದೋಜೀರಕ ಗ್ರಂಥಿ ರಸ ಸುರಿಸಿತು. ಅಂದರೆ ಕರುಳು ರಕ್ತದ ಮೂಲಕ ಏನೋ ಸುದ್ದಿ ಕಳಿಸಿದೆ. ಅದಕ್ಕೆ ಸೆಕ್ರೆಟಿನ್ ಎಂದು ಹೆಸರಿಟ್ಟರು; ಇಂಥ ದೂತದ್ರವ್ಯಗಳಿಗೆಲ್ಲ ಹಾರ್ಮೋನ್ ಎಂಬ ಹೆಸರು ಬಂದದ್ದು 1905ರಲ್ಲಿ, ಸ್ಟಾರ್ಲಿಂಗ್‌ನ ಉಪನ್ಯಾಸಗಳಲ್ಲಿ. ಹೊಟ್ಟೆಗೂ ಹಾರ್ಮೋನಿಗೂ ಸಂಬಂಧವಿದೆ ಎನ್ನುವುದು ಸುಳ್ಳಲ್ಲ. ಸುಳ್ಳಾಗುವುದು ಆಮೇಲಿನ ಜಿಗಿತದಲ್ಲಿ: ಸಂಬಂಧವಿದೆ, ಆದ್ದರಿಂದ ತೊಳೆದರೆ ಸರಿಯಾಗುತ್ತದೆ ಎನ್ನುವಲ್ಲಿ.

ಈಗ ಪುಣೆಗೆ ಮರಳೋಣ. ಗಾಂಧೀಜಿಯ ದೇಹದ ಮೇಲೆ ಈ ಎಲ್ಲ ವಾದಗಳೂ ನಡೆದದ್ದು ಬಹುಪಾಲು ಈ ಊರಿನಲ್ಲೇ. 1924ರ ಜನವರಿಯಲ್ಲಿ ಯೆರವಡಾ ಜೈಲಿನಲ್ಲಿದ್ದಾಗ ಅಪೆಂಡಿಸೈಟಿಸ್ ಬಂತು. ಮಣ್ಣಿನ ಪಟ್ಟಿಗೆ ಬಗ್ಗುವ ರೋಗವಲ್ಲ ಅದು. ನಿಲ್ದಾಣದ ಹತ್ತಿರವೇ ಇರುವ ಸಸೂನ್ ಆಸ್ಪತ್ರೆಯಲ್ಲಿ ಕರ್ನಲ್ ಮ್ಯಾಡಕ್ ಶಸ್ತ್ರಚಿಕಿತ್ಸೆ ಮಾಡಿದರು. ನಡುವೆ ಕರೆಂಟು ಹೋಗಿ ಲಾಟೀನಿನ ಬೆಳಕಿನಲ್ಲಿ ಮುಗಿಸಬೇಕಾಯಿತು. ಇಪ್ಪತ್ತು ವರ್ಷದ ನಂತರ ಆಗಾ ಖಾನ್ ಅರಮನೆಯ ಸೆರೆಯಲ್ಲಿ ಕಸ್ತೂರಬಾ ಹಾಸಿಗೆ ಹಿಡಿದಾಗ ಡಾ. ಗಿಲ್ಡರ್, ಡಾ. ಸುಶೀಲಾ ನಯ್ಯರ್ ಇದ್ದರು, ದಿನ್‌ಶಾ ಮೆಹ್ತಾ ಬಂದರು, ಆಯುರ್ವೇದದ ವೈದ್ಯ ಶಿವ ಶರ್ಮಾ ಬಂದರು. ಒಂದೇ ಹಾಸಿಗೆಯ ಸುತ್ತ ಮೂರು ವೈದ್ಯಪದ್ಧತಿಗಳು. ಮಗ ದೇವದಾಸ್ ಪೆನಿಸಿಲಿನ್ ತರಿಸಿದ್ದರು. ಕೆಲವು ಗಂಟೆಗೊಮ್ಮೆ ಸೂಜಿ ಚುಚ್ಚಬೇಕೆಂದು ತಿಳಿದು ಗಾಂಧಿ ಬೇಡವೆಂದರು. 1944ರ ಫೆಬ್ರವರಿ 22ರಂದು ಬಾ ತೀರಿಕೊಂಡರು. ಅಷ್ಟು ಹೊತ್ತಿಗೆ ಯಾವ ಮದ್ದಿನಿಂದಲಾದರೂ ಉಳಿಯುತ್ತಿದ್ದರೇ ಎಂಬುದು ಬೇರೆ ಮಾತು.

ಕೆಲವೇ ವಾರಗಳಲ್ಲಿ ಗಾಂಧಿಗೇ ಮಲೇರಿಯಾ ಬಂತು. ಮೊದಲು ಹಣ್ಣಿನ ರಸ, ಉಪವಾಸ ಎಂದರು. ಆಮೇಲೆ ಕ್ವಿನೈನ್ ತೆಗೆದುಕೊಂಡರು, ಜ್ವರ ಇಳಿಯಿತು. ಮೇ 6ರಂದು ಬಿಡುಗಡೆಯಾದ ಬಳಿಕ ಪರೀಕ್ಷೆಗಳಲ್ಲಿ ಇನ್ನೆರಡು ಸಂಗತಿ ಹೊರಬಿದ್ದವು: ಕರುಳಿನಲ್ಲಿ ಕೊಕ್ಕೆಹುಳು, ಜೊತೆಗೆ ಅಮೀಬಾ ಸೋಂಕು. ಕೊಕ್ಕೆಹುಳು ಸಣ್ಣ ಕರುಳಿನ ಗೋಡೆಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ರಕ್ತ ಕಡಿಮೆಯಾಗಿ ಮನುಷ್ಯ ದಣಿಯುತ್ತಾನೆ. ಜೀವನವಿಡೀ ಆಹಾರದ ಪ್ರಯೋಗ ಮಾಡಿದ ಹೊಟ್ಟೆಯಲ್ಲಿ ಇದ್ದದ್ದು ಹೆಸರಿಲ್ಲದ ಕಲ್ಮಶವಲ್ಲ, ಸೂಕ್ಷ್ಮದರ್ಶಕದಲ್ಲಿ ಕಾಣುವ ಹೆಸರುಳ್ಳ ಜೀವಿಗಳು.

ಈ ಭಾಗ ಓದುವಾಗ ನನಗೆ ಹೈದರಾಬಾದಿನಲ್ಲಿರುವ ದೊಡ್ಡಮ್ಮನ ಮಗಳು ನೆನಪಾದಳು. ಎರಡು ವರ್ಷದ ಹಿಂದೆ ಅಕ್ಕನಿಗೆ ವಿಪರೀತ ಸುಸ್ತು. ಮೆಟ್ಟಿಲು ಹತ್ತಿದರೆ ಏದುಸಿರು, ಕೂದಲು ಉದುರುವುದು. ಒಂದು ವೆಲ್‌ನೆಸ್ ಕೇಂದ್ರದವರು ಕರುಳು ಸೋರುತ್ತಿದೆ, ಅಡ್ರಿನಲ್ ಗ್ರಂಥಿ ದಣಿದಿದೆ ಎಂದು ಹೇಳಿ ಮೂರು ವಾರ ರಸಾಹಾರ, ಎನಿಮಾ ಮಾಡಿಸಿದರು. ಕೊನೆಗೆ ಕಾಲೊನಿಯ ಹತ್ತಿರದ ಸಾಮಾನ್ಯ ಡಾಕ್ಟರೊಬ್ಬರು ರಕ್ತ ಪರೀಕ್ಷೆ ಬರೆದುಕೊಟ್ಟರು. ಹಿಮೋಗ್ಲೋಬಿನ್ ಏಳರ ಹತ್ತಿರ ಇತ್ತು. ಕಬ್ಬಿಣದ ಕೊರತೆ. ಫೋನಿನಲ್ಲಿ ನಗುತ್ತಲೇ ಹೇಳಿದಳು: "ತಮ್ಮಾ, ನನ್ನ ಹೊಟ್ಟೀ ತೊಳದು ತೊಳದು ಕಳಿಸಿದ್ರು ನೋಡು, ರಕ್ತ ಮಾತ್ರ ಒಬ್ಬರೂ ನೋಡ್ಲಿಲ್ಲ."

ಇದು ಅಕ್ಕನೊಬ್ಬಳ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57% ಮಂದಿಗೆ ರಕ್ತಹೀನತೆ. ಅದರ ಮೇಲೆ ಥೈರಾಯ್ಡ್, ಸಸ್ಯಾಹಾರಿಗಳಲ್ಲಿ ಬಿ12 ಕೊರತೆ, ಸಕ್ಕರೆ ಕಾಯಿಲೆ. ದಣಿವಿಗೆ ಇವೆಲ್ಲ ಕಾರಣಗಳು. ಎಲ್ಲಕ್ಕೂ ಸಾಧಾರಣ ಲ್ಯಾಬಿನಲ್ಲೇ ಪರೀಕ್ಷೆ ಇದೆ. ‘ದಣಿದ ಅಡ್ರಿನಲ್’ ಎಂಬ ಹೆಸರು ಹುಟ್ಟಿದ್ದು 1990ರ ದಶಕದ ಅಮೆರಿಕದಲ್ಲಿ. ಬ್ರೆಜಿಲ್ಲಿನ ಇಬ್ಬರು ವೈದ್ಯರು 2016ರಲ್ಲಿ ಲಭ್ಯವಿದ್ದ ಅಧ್ಯಯನಗಳನ್ನೆಲ್ಲ ಜಾಲಾಡಿ, ಅಂಥದೊಂದು ರೋಗವಿದೆ ಎನ್ನಲು ಆಧಾರವಿಲ್ಲ ಎಂದು ಬರೆದರು.

ಹಾಗಾದರೆ ಪ್ರಕೃತಿ ಚಿಕಿತ್ಸೆ ಬರೀ ಭ್ರಮೆಯೇ? ಚರಿತ್ರೆ ಹಾಗೆ ಹೇಳುವುದಿಲ್ಲ. ತೌಡು ತೆಗೆಯದ ಧಾನ್ಯ, ಸೊಪ್ಪು, ನಡಿಗೆ, ಬಿಸಿಲು, ಹೊತ್ತಿಗೆ ಸರಿಯಾದ ನಿದ್ದೆ, ಹಿತಮಿತ ಊಟ ಎಂದು ಅವರು ಹೇಳಿದ್ದು ಬಹುಮಟ್ಟಿಗೆ ನಿಜವಾಯಿತು. 1970ರ ದಶಕದಲ್ಲಿ, ಉಗಾಂಡದಲ್ಲಿ ಕೆಲಸ ಮಾಡಿ ಬಂದ ಡೆನಿಸ್ ಬರ್ಕಿಟ್ ಎಂಬ ಶಸ್ತ್ರವೈದ್ಯ ನಾರಿನ ಮಹತ್ವವನ್ನು ಜಗತ್ತಿಗೆಲ್ಲ ಸಾರಿದ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಆ ನಾರನ್ನು ಹುಳಿಸಿ ತಯಾರಿಸುವ ಕೊಬ್ಬಿನಾಮ್ಲಗಳೇ ಕರುಳಿನ ಒಳಪದರಕ್ಕೆ ಆಹಾರ ಎಂದೂ ಈಗ ಗೊತ್ತಾಗಿದೆ. ಅಂದರೆ ಅಲ್ಲಿರುವುದು ತೊಳೆದು ಹೊರಹಾಕಬೇಕಾದ ಹೊಲಸಲ್ಲ, ಅನ್ನ ಹಾಕಿ ಸಾಕಬೇಕಾದ ಒಂದು ಊರು. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ನಮ್ಮ ಗಾದೆಯಲ್ಲಿ ತೊಳೆಯುವ ಮಾತೇ ಇಲ್ಲ, ನೋಡಿ.

1945ರ ನವೆಂಬರ್ 18ರಂದು ಗಾಂಧೀಜಿ, ದಿನ್‌ಶಾ ಮೆಹ್ತಾ ಜೊತೆ ಸೇರಿ ಅಖಿಲ ಭಾರತ ಪ್ರಕೃತಿ ಚಿಕಿತ್ಸಾ ಟ್ರಸ್ಟಿನ ಪತ್ರಕ್ಕೆ ಸಹಿ ಹಾಕಿದರು. ಈಗ ಆ ದಿನವನ್ನೇ ರಾಷ್ಟ್ರೀಯ ಪ್ರಕೃತಿ ಚಿಕಿತ್ಸಾ ದಿನ ಎಂದು ಆಚರಿಸುತ್ತಾರೆ. ತಾಡಿವಾಲಾ ರಸ್ತೆಯ ಕ್ಲಿನಿಕ್ಕನ್ನು ಬಡವರ ಆಸ್ಪತ್ರೆ ಮಾಡುವುದು ಅವರ ಉದ್ದೇಶ. ಆದರೆ ಕೆಲವೇ ತಿಂಗಳಲ್ಲಿ ಅವರಿಗೆ ಅದು ಒಗ್ಗಲಿಲ್ಲ. ಬಡವರು ಇರುವುದು ಹಳ್ಳಿಯಲ್ಲಿ. ಅವರ ಆಸ್ಪತ್ರೆಯನ್ನು ಶಹರದಲ್ಲಿ ಕಟ್ಟಲು ಹೊರಟದ್ದು ತನ್ನ ಮೂರ್ಖತನ ಎಂದು ‘ಹರಿಜನ’ದಲ್ಲಿ ಬರೆದುಕೊಂಡರು. 1946ರ ಮಾರ್ಚ್ 22ರಂದು ಸೋಲಾಪುರದ ದಾರಿಯಲ್ಲಿ ಸುಮಾರು 30 ಕಿಲೋಮೀಟರ್ ದೂರದ ಉರುಳಿ ಕಾಂಚನ ಎಂಬ ಹಳ್ಳಿಗೆ ಹೋದರು. 30ರವರೆಗೆ ಅಲ್ಲಿದ್ದು ಬಂದ ರೋಗಿಗಳನ್ನು ನೋಡಿದರು. ಕಟಿಸ್ನಾನ, ಬಿಸಿಲು, ಹಾಲು, ಮಜ್ಜಿಗೆ, ರಾಮನಾಮ ಹೇಳಿದರು. ಅದರ ಜೊತೆಗೆ ಊರಿನ ಸ್ವಚ್ಛತೆಯ ಮಾತೂ ಇತ್ತು. ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಗಟ್ಟಿಯಾದ ಮದ್ದು. ಕೊಕ್ಕೆಹುಳು ಬರುವುದು ಮಲ ಬಿದ್ದ ನೆಲದ ಮೇಲೆ ಬರಿಗಾಲಲ್ಲಿ ನಡೆದಾಗ; ಅದನ್ನು ತಡೆಯುವುದು ಎನಿಮಾ ಅಲ್ಲ, ಪಾಯಿಖಾನೆ.

ಉರುಳಿಯಲ್ಲಿ ಗಾಂಧಿ ಬಿಟ್ಟುಹೋದ ಕೆಲಸಕ್ಕೆ ನಿಂತವರು ಮಣಿಭಾಯಿ ದೇಸಾಯಿ ಎಂಬ ತರುಣ. 1993ರಲ್ಲಿ ತೀರಿಕೊಳ್ಳುವವರೆಗೂ ಉರುಳಿಯೇ ಅವರ ಊರಾಗಿತ್ತು. ಆಶ್ರಮ ನಡೆಸುತ್ತ ನಡೆಸುತ್ತ ಹಳ್ಳಿಯವರ ಕಾಯಿಲೆಗೆ ಬಡತನವೇ ಬೇರು ಎಂದು ಅವರಿಗೆ ಕಂಡಿರಬೇಕು. ದನಕರುಗಳ ತಳಿ ಸುಧಾರಣೆಗೆ ಕೈ ಹಾಕಿ 1967ರಲ್ಲಿ ಬಾಯೆಫ್ ಸಂಸ್ಥೆ ಕಟ್ಟಿದರು. 1982ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆರೋಗ್ಯದ ಕೆಲಸ ಹಸುವಿನ ಕೊಟ್ಟಿಗೆಯವರೆಗೆ ಹೋದದ್ದು ನನಗೆ ಸರಿಯಾದ ದಾರಿ ಅನ್ನಿಸುತ್ತದೆ.

ನಮ್ಮ ಕಡೆಯೂ ಈ ಚಿಕಿತ್ಸೆ ಗಟ್ಟಿಯಾಗಿ ನೆಲೆಯೂರಿತು. 1979ರಲ್ಲಿ ಬೆಂಗಳೂರಿನ ಹೊರಗೆ ಜಿಂದಾಲ್ ಪ್ರಕೃತಿ ಚಿಕಿತ್ಸಾ ಸಂಸ್ಥೆ, 1989ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದವರ ಪದವಿ ಕಾಲೇಜು ಬಂದವು. ಅಲ್ಲಿ ಓದಿದವರು ಈಗ ದೇಶದ ತುಂಬ ಇದ್ದಾರೆ. ಶರೀರಶಾಸ್ತ್ರ, ರೋಗನಿದಾನ ಕಲಿತು ಬಂದವರನ್ನೂ, ದಿಢೀರ್ ಕೋರ್ಸು ಮುಗಿಸಿ ಪ್ಯಾಕೇಜು ಮಾರುವವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಮೊದಲು ರಕ್ತ ಪರೀಕ್ಷೆ ಮಾಡಿಸಿಕೊಂಡು ಬನ್ನಿ, ಥೈರಾಯ್ಡ್ ಗುಳಿಗೆ ನಿಲ್ಲಿಸಬೇಡಿ ಎನ್ನುವ ಪ್ರಕೃತಿ ಚಿಕಿತ್ಸಕರು ಇದ್ದಾರೆ. ಅಂಥವರನ್ನು ಹುಡುಕಿಕೊಳ್ಳಬೇಕು.

ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಕಲಬುರಗಿ, ರಾಯಚೂರಿನ ಕಡೆ ಹೋಗುವವರು ಪುಣೆ ಬಿಟ್ಟ ಸ್ವಲ್ಪ ಹೊತ್ತಿಗೆ ಕಿಟಕಿಯಲ್ಲಿ ಉರುಳಿ ಎಂಬ ಹಳದಿ ಬೋರ್ಡು ನೋಡಬಹುದು. ಗಾಡಿ ಅಲ್ಲಿ ನಿಲ್ಲುವುದಿಲ್ಲ. ದುಡ್ಡಿಲ್ಲದವನಿಗೂ ಸಿಗುವಂತಿರಬೇಕು ಎಂದು ಮಣ್ಣು, ನೀರು, ಬಿಸಿಲನ್ನು ಮದ್ದೆಂದು ಆರಿಸಿಕೊಂಡವರು ಶಹರ ಬಿಟ್ಟು ಹೋದ ಊರು ಅದು. ಅದೇ ಮಣ್ಣು, ನೀರು, ಬಿಸಿಲನ್ನು ಇವತ್ತು ನಮ್ಮ ಶಹರಗಳಲ್ಲಿ ದಿನಕ್ಕಿಷ್ಟು ಸಾವಿರ ಎಂದು ಮಾರುತ್ತಾರೆ, ಕೊಳ್ಳುವವರು ನಾವೇ. ಅಕ್ಕ ಈಗ ಕಬ್ಬಿಣದ ಗುಳಿಗೆ ಮುಗಿಸಿದ್ದಾಳೆ. ಸಂಜೆ ವಾಕಿಂಗ್ ಹೋಗುತ್ತಾಳೆ, ಜೋಳದ ರೊಟ್ಟಿ, ಪುಂಡಿ ಪಲ್ಯ ಉಣ್ಣುತ್ತಾಳೆ. ಅದಕ್ಕೆ ಯಾರೂ ಬಿಲ್ಲು ಕೊಟ್ಟಿಲ್ಲ.