ರಿಜಿಸ್ಟರ್ ಆಗಿದೆಯಲ್ಲ, ಇನ್ನೇನು?

ಮನೆ, ಸೈಟು ಖರೀದಿಯ ಬಗ್ಗೆ ವಕೀಲರನ್ನು ಕೂರಿಸಿಕೊಂಡು ಫೋನ್-ಇನ್ ಕಾರ್ಯಕ್ರಮ ಮಾಡಿದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ. ಊರು ಬೇರೆ, ದನಿ ಬೇರೆ, ಪ್ರಶ್ನೆ ಮಾತ್ರ ಅದೇ. "ಸರ್, ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ರಿಜಿಸ್ಟರ್ ಆಗಿದೆ. ಸ್ಟಾಂಪ್ ಡ್ಯೂಟಿ ಪೂರ್ತಿ ಕಟ್ಟಿದ್ದೀನಿ. ಈಗ ಯಾರೋ ಬಂದು ಇದು ನಮ್ಮ ಜಾಗ ಅಂತಿದ್ದಾರೆ. ಅದು ಹೇಗೆ ಸಾಧ್ಯ?"

ಸಾಧ್ಯ ಸ್ವಾಮಿ. ಕಾನೂನಿನ ಪ್ರಕಾರವೇ ಸಾಧ್ಯ. ಯಾಕೆ ಸಾಧ್ಯ ಅನ್ನೋದಕ್ಕೆ ಇನ್ನೂರು ವರ್ಷಕ್ಕೂ ಮೀರಿದ ಕಥೆ ಇದೆ.

ಕನ್ನಡದಲ್ಲಿ ಬರೆದ ಹಳೆಯ ಕ್ರಯಪತ್ರ ಮನೆಯಲ್ಲಿದ್ದರೆ ತೆಗೆದು ನೋಡಿ. ಚಕ್ಕುಬಂದಿಯ ಆಸುಪಾಸಿನಲ್ಲಿ ಎಲ್ಲೋ ಒಂದು ಕಡೆ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗದ ಮಾತು ಸಿಗಬಹುದು. ಇದು ವಕೀಲರು ಕಟ್ಟಿದ ಮಾತಲ್ಲ. ವಿಜಯನಗರ ಕಾಲದ ದಾನಶಾಸನಗಳಲ್ಲಿ, ತಾಮ್ರಪಟಗಳಲ್ಲಿ ಇದ್ದ ಮಾತು ಪತ್ರ ಬರಹಗಾರರ ಲೇಖನಿ ಹಿಡಿದು ನಮ್ಮವರೆಗೂ ಬಂದಿದೆ. ಒಂದು ವ್ಯತ್ಯಾಸ ಮಾತ್ರ ಇದೆ. ಅಂಥ ಶಾಸನದಲ್ಲಿ ಭೂಮಿ ಕೊಡುತ್ತಿದ್ದವನು ಹೆಚ್ಚಾಗಿ ರಾಜನೇ. ಕೊಟ್ಟವನೂ ಅವನೇ, ಕಾಯುವವನೂ ಅವನೇ. ಸಾಲದ್ದಕ್ಕೆ, ಇದನ್ನು ಕಿತ್ತುಕೊಂಡವನಿಗೆ ಇಂಥಿಂಥ ಪಾಪ ಅಂತ ಕೊನೆಯಲ್ಲೊಂದು ಶಾಪ. ಇವತ್ತು ಮಾರುವವನು ಖಾಸಗಿ ಮನುಷ್ಯ. ಸರ್ಕಾರ ಪಕ್ಕದಲ್ಲಿ ನಿಂತು, "ಇಂಥವನು ಇಂಥವನಿಗೆ ಬರೆದುಕೊಟ್ಟ" ಅಂತ ದಾಖಲೆ ಮಾಡಿಕೊಳ್ಳುತ್ತದೆ. ಅಷ್ಟೇ.

ಈ ದಾಖಲೆಯ ಪದ್ಧತಿ ತಂದಿದ್ದು ಕಂಪನಿ ಸರ್ಕಾರ. 1793ರಲ್ಲಿ, ಕಾರ್ನ್‌ವಾಲಿಸ್ ಕಾಲದಲ್ಲಿ, ಬಂಗಾಳದಲ್ಲಿ ಪತ್ರಗಳನ್ನು ನೋಂದಾಯಿಸುವ ಕಚೇರಿಗಳು ಬಂದವು. 1864ರ ಕಾಯ್ದೆ ಕೆಲವು ಪತ್ರಗಳಿಗೆ ನೋಂದಣಿಯನ್ನು ಕಡ್ಡಾಯ ಮಾಡಿತು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಸೆಕ್ಷನ್, 100 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸ್ಥಿರಾಸ್ತಿಯ ಮಾರಾಟ ನೋಂದಾಯಿತ ಪತ್ರದ ಮೂಲಕವೇ ಆಗಬೇಕು ಅಂದಿತು. ಆ ನೂರು ರೂಪಾಯಿ ಇವತ್ತಿಗೂ ಕಾಯ್ದೆಯಲ್ಲಿ ಹಾಗೇ ಕೂತಿದೆ! ಈಗ ಜಾರಿಯಲ್ಲಿರುವ ನೋಂದಣಿ ಕಾಯ್ದೆ 1908ರದ್ದು.

ಇದೇ ಕಾಲದಲ್ಲಿ ಇನ್ನೊಂದು ದಾರಿಯೂ ಇತ್ತು. ದಕ್ಷಿಣ ಆಸ್ಟ್ರೇಲಿಯಾದಲ್ಲಿ ರಾಬರ್ಟ್ ಟಾರೆನ್ಸ್ ಅಂತ ಒಬ್ಬ, ಕಸ್ಟಮ್ಸ್ ಅಧಿಕಾರಿಯಾಗಿದ್ದವನು. ಹಡಗಿನ ಮಾಲೀಕ ಯಾರು ಅಂದರೆ ರಿಜಿಸ್ಟರ್ ತೆಗೆದು ನೋಡಿದರೆ ಮುಗೀತು, ಜಮೀನಿಗೆ ಯಾಕೆ ಹಾಗಿರಬಾರದು ಎಂಬುದು ಅವನ ವಾದ. 1858ರಲ್ಲಿ ಅಲ್ಲಿ ಕಾನೂನೇ ಆಯಿತು. ಸರ್ಕಾರದ ರಿಜಿಸ್ಟರಿನಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ. ತಪ್ಪಾಗಿ ಯಾರಿಗಾದರೂ ನಷ್ಟವಾದರೆ ಪರಿಹಾರ ಕೊಡುವುದಕ್ಕೆ ಒಂದು ನಿಧಿ. ಇದಾದ ಆರು ವರ್ಷಕ್ಕೆ ಬಂದ ನಮ್ಮ ಕಾಯ್ದೆ ಆ ಕಡೆ ಹೋಗಲೇ ಇಲ್ಲ. ನಮ್ಮಲ್ಲಿ ನೋಂದಣಿಯಾಗುವುದು ಪತ್ರ. ಹಕ್ಕಲ್ಲ.

ಹಾಗಂತ ನಾನು ಹೇಳುತ್ತಿಲ್ಲ, ಸುಪ್ರೀಂ ಕೋರ್ಟ್ ಹೇಳಿದೆ. ಮಾರುವವನು ತನ್ನ ಹಕ್ಕಿನ ಮೂಲಪತ್ರ ತೋರಿಸದಿದ್ದರೆ ನೋಂದಣಿ ನಿರಾಕರಿಸಬಹುದು ಅಂತ ತಮಿಳುನಾಡು ಒಂದು ನಿಯಮ ಮಾಡಿತ್ತು. 2025ರ ಏಪ್ರಿಲ್‌ನಲ್ಲಿ ಕೋರ್ಟ್ ಅದನ್ನು ರದ್ದು ಮಾಡಿತು. ಮಾರುವವನಿಗೆ ಹಕ್ಕಿದೆಯೋ ಇಲ್ಲವೋ ಅಂತ ತೀರ್ಮಾನಿಸುವುದು ಸಬ್‌ರಿಜಿಸ್ಟ್ರಾರ್ ಕೆಲಸವಲ್ಲ ಅಂದಿತು. 1908ರ ಕಾಯ್ದೆ ಓದಿದರೆ ಬೇರೆ ತೀರ್ಪು ಬರುವುದೂ ಕಷ್ಟ. ಆದರೆ ಜೀವಮಾನದ ದುಡಿಮೆ ಸುರಿದು ಸೈಟು ಕೊಂಡವನಿಗೆ ಇದನ್ನು ಯಾರು ಹೇಳಿದ್ದಾರೆ?

ಇದರ ಪೆಟ್ಟು ಹೆಚ್ಚು ಕಾಣುವ ಜಾಗಗಳಲ್ಲಿ ಒಂದು, ನಮ್ಮಲ್ಲೇ ಇರುವ ದರಖಾಸ್ತು ಜಮೀನು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಚಿಲ್ಲರೆ ಕಾಸಿಗೆ ಬರೆಸಿಕೊಳ್ಳುತ್ತಿದ್ದ ಕಾಲ ಅದು. ತಡೆಯುವುದಕ್ಕೆ 1978ರಲ್ಲಿ ಕರ್ನಾಟಕ ಪಿಟಿಸಿಎಲ್ ಕಾಯ್ದೆ ತಂದಿತು. ಮಂಜೂರಾತಿಯ ಷರತ್ತು ಮೀರಿ ಮಾರಿದ್ದರೆ, ಕಾಯ್ದೆ ಬರುವುದಕ್ಕೆ ಮೊದಲೇ ಮಾರಿದ್ದರೂ, ಆ ಮಾರಾಟ ಅಸಿಂಧು. ಕಾಯ್ದೆ ಬಂದ ಮೇಲೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವಂತೆಯೇ ಇಲ್ಲ. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ಕೋರ್ಟ್, ಅರ್ಜಿ ಹಾಕುವುದಿದ್ದರೆ ಸಮಂಜಸವಾದ ಅವಧಿಯೊಳಗೆ ಹಾಕಬೇಕು ಅಂದಿತು. 2023ರಲ್ಲಿ ರಾಜ್ಯ ತಿದ್ದುಪಡಿ ತಂದು, ಕಾಲಮಿತಿಯೇ ಇಲ್ಲ ಅಂದಿತು.

ನನ್ನ ಮಟ್ಟಿಗೆ ಆ ಕಾಯ್ದೆ ಸರಿ. ಮೋಸ ಹೋದ ಕುಟುಂಬಕ್ಕೆ ಭೂಮಿ ವಾಪಸ್ ಹೋಗಬೇಕು. ಆದರೆ ಅದೇ ಜಮೀನು ನಾಲ್ಕು ಕೈ ದಾಟಿ, ಸೈಟುಗಳಾಗಿ, ಐದನೆಯವನು ಬ್ಯಾಂಕ್ ಸಾಲ ಮಾಡಿ ಕೊಂಡಿರುತ್ತಾನಲ್ಲ? ಪ್ರತಿ ಕೈ ಬದಲಾದಾಗಲೂ ಸರ್ಕಾರ ಸ್ಟಾಂಪ್ ಡ್ಯೂಟಿ ತಗೊಂಡಿದೆ. ಮಂಜೂರು ಮಾಡಿದ್ದು ಸರ್ಕಾರದ ಒಂದು ಇಲಾಖೆ, ಮಾರಾಟ ನೋಂದಾಯಿಸಿದ್ದು ಇನ್ನೊಂದು. ಒಂದರ ಕಡತ ಇನ್ನೊಂದಕ್ಕೆ ಕಾಣದೆ ಇದ್ದದ್ದಕ್ಕೆ ದಂಡ ಕಟ್ಟುವವನು ಐದನೆಯವನು. ನಡುವೆ ಲಾಭ ಮಾಡಿಕೊಂಡ ದಲ್ಲಾಳಿಯನ್ನು ಹುಡುಕಿಕೊಂಡು ಹೋಗಿ, ಸಿಗುತ್ತಾನಾ ನೋಡೋಣ.

ಇನ್ನು ಖಾತೆ. ಅದರ ಹೆಸರೇ ಹೇಳುವ ಹಾಗೆ ಖಾತೆ ಅಂದರೆ ಲೆಕ್ಕ. ತೆರಿಗೆ ಯಾರಿಂದ ವಸೂಲಿ ಮಾಡಬೇಕು ಅಂತ ಪಾಲಿಕೆ ಇಟ್ಟುಕೊಂಡ ಲೆಕ್ಕ. ಎ ಖಾತೆಯೇ ಇರಲಿ, ಬಿ ಖಾತೆಯೇ ಇರಲಿ, ಅದು ಹಕ್ಕುಪತ್ರವಲ್ಲ. ಇಸಿಯೂ ಹಾಗೇ. ನೋಂದಣಿಯಾದ ವ್ಯವಹಾರ ಮಾತ್ರ ಅದರಲ್ಲಿ ಕಾಣುತ್ತದೆ. ನೋಂದಣಿಯಾಗದ ವಿಲ್ಲು, ಬಾಯಿಮಾತಿನ ಪಾಲು ಅದರಲ್ಲಿ ಕಾಣುವುದಿಲ್ಲ.

ಜಿಪಿಎ ಸೈಟಿನ ವಿಷಯ ಸ್ವಲ್ಪ ಹೇಳಲೇಬೇಕು. ಡ್ಯೂಟಿ ಉಳಿಸುವುದಕ್ಕೋ, ಇಷ್ಟು ವರ್ಷ ಮಾರಬಾರದು ಎಂಬ ಹಂಚಿಕೆಯ ಷರತ್ತು ತಪ್ಪಿಸುವುದಕ್ಕೋ ಒಂದು ಕರಾರು, ಒಂದು ಪವರ್ ಆಫ್ ಅಟಾರ್ನಿ, ಒಂದು ವಿಲ್ಲು ಬರೆಸಿಕೊಂಡು ಕೈಗೆ ಕೀಲಿ ತೆಗೆದುಕೊಳ್ಳುವ ಪದ್ಧತಿ ದೇಶದ ತುಂಬ ಬೆಳೆದಿತ್ತು. 2011ರ ಅಕ್ಟೋಬರ್ 11ರಂದು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹೀಗೆಲ್ಲ ಆಸ್ತಿ ವರ್ಗಾವಣೆ ಆಗುವುದಿಲ್ಲ ಅಂದಿತು. ತೀರ್ಪು ಬರೆದವರು ನಮ್ಮ ಹೈಕೋರ್ಟಿನಿಂದಲೇ ಹೋದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ನಿವೃತ್ತಿಗೆ ಕೆಲವೇ ದಿನ ಬಾಕಿ ಇತ್ತು. ಮಗನಿಗೋ ತಮ್ಮನಿಗೋ ಕೊಡುವ ನಿಜವಾದ ಅಧಿಕಾರಪತ್ರಕ್ಕೆ ಇದರಿಂದ ತೊಂದರೆ ಇಲ್ಲ ಅಂತಲೂ ಅವರೇ ಸ್ಪಷ್ಟಪಡಿಸಿದರು.

ಹಕ್ಕಿಗೆ ಸರ್ಕಾರವೇ ಜವಾಬ್ದಾರಿ ಹೊರಬೇಕು ಎಂಬ ಮಾತು ಹೊಸದಲ್ಲ. ಪುಣೆಯ ಗೋಖಲೆ ಸಂಸ್ಥೆಯ ಪ್ರೊ. ಡಿ.ಸಿ. ವಾಧ್ವಾ 1989ರಲ್ಲೇ ಯೋಜನಾ ಆಯೋಗಕ್ಕೆ ವರದಿ ಕೊಟ್ಟಿದ್ದರು. ರಾಜಸ್ಥಾನ 2016ರಲ್ಲಿ ನಗರದ ಆಸ್ತಿಗೆ ಹಕ್ಕಿನ ಪ್ರಮಾಣಪತ್ರ ಕೊಡುವ ಕಾನೂನು ಮಾಡಿತು. 2016ರ ರೇರಾ ಕಾಯ್ದೆ ಬಿಲ್ಡರ್ ಮೇಲೆ ಸ್ವಲ್ಪ ಹೊರೆ ಹಾಕಿದೆ. ಜಮೀನಿನ ಹಕ್ಕಿನಲ್ಲೇ ದೋಷವಿದ್ದು ಕೊಂಡವನಿಗೆ ನಷ್ಟವಾದರೆ ಪರಿಹಾರ ಕೇಳಬಹುದು, ಕಾಲಮಿತಿಯ ಅಡ್ಡಿ ಇಲ್ಲ. 2025ರ ನವೆಂಬರ್‌ನಲ್ಲಿ ಬಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಈ ಇಡೀ ಪದ್ಧತಿಯನ್ನೇ ಪರಿಶೀಲಿಸಿ ಅಂತ ಕಾನೂನು ಆಯೋಗಕ್ಕೆ ಹೇಳಿತು. 1989ರಿಂದ ಲೆಕ್ಕ ಹಾಕಿದರೆ ಮೂವತ್ತಾರು ವರ್ಷ.

ಅಲ್ಲಿಯವರೆಗೆ ಹಕ್ಕು ಹುಡುಕುವ ಕೆಲಸ ಕೊಳ್ಳುವವರದ್ದೇ. ಮೂವತ್ತು ವರ್ಷದ ಇಸಿ ಯಾಕೆ ಕೇಳುತ್ತಾರೆ ಅಂತ ಬೇಸರ ಮಾಡಿಕೊಳ್ಳುವವರಿದ್ದಾರೆ. ಕಾರಣ ಇದೆ. 1963ರ ಕಾಲಮಿತಿ ಕಾಯ್ದೆಯಲ್ಲಿ ಖಾಸಗಿಯವರಿಗೆ ಸ್ವಾಧೀನದ ದಾವೆ ಹೂಡಲು 12 ವರ್ಷ, ಸರ್ಕಾರಕ್ಕೆ 30. ಮೂವತ್ತು ವರ್ಷ ದಾಟಿದ ಪತ್ರಕ್ಕೆ ಸಾಕ್ಷ್ಯ ಕಾನೂನಿನಲ್ಲೂ ಬೇರೆ ಮನ್ನಣೆ. ಮಾರುವವರ ಅಕ್ಕ-ತಂಗಿಯರ ಸಹಿ ಕೇಳುವುದೂ ಸುಮ್ಮನೆ ಅಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ಪಾಲು ಕೊಟ್ಟಿತ್ತು, ಕೇಂದ್ರ 2005ರಲ್ಲಿ ಕೊಟ್ಟಿತು. "ಅವರೆಲ್ಲ ಮದುವೆಯಾಗಿ ಹೋಗಿದ್ದಾರೆ, ಕೇಳೋದು ಬೇಡ" ಅಂತ ಮಾರುವವನು ಹೇಳಿದರೆ ಅಡ್ವಾನ್ಸ್ ಕೊಡಬೇಡಿ. ವಂಶವೃಕ್ಷ ತರಿಸಿ, ಅದರಲ್ಲಿರುವ ಪ್ರತಿ ಹೆಸರಿನ ಮುಂದೆ ಸಹಿ ಎಲ್ಲಿದೆ ಅಂತ ಕೇಳಿ.