ಭಿನ್ನಗುಣನವೂ ನಾಣ್ಯಕೋಷ್ಟಕವೂ

ದಶಾಂಶಭಿನ್ನವನ್ನು ಪೂರ್ಣಾಂಕದಿಂದ ಗುಣಿಸುವ ಕ್ರಮವು ಪಾಶ್ಚಾತ್ಯರಿಂದ ಬಂದುದೆಂದೂ, ನಮ್ಮ ಗಣಿತಗ್ರಂಥಗಳಲ್ಲಿ ಇದಕ್ಕೆ ಸಮಾನವಾದುದಿಲ್ಲವೆಂದೂ ಹೇಳುವುದುಂಟು. ಬರೆಯುವ ರೂಪದ ಮಟ್ಟಿಗೆ ಈ ಮಾತು ಸರಿ. ಗುಣಿಸುವ ಕ್ರಮದ ಮಟ್ಟಿಗೆ ಸರಿಯಲ್ಲ. ಇದನ್ನೂ, ಬಾಲಕರಿಗೆ ಈ ಗಣಿತವನ್ನು ಕಲಿಸುವಲ್ಲಿ ಇಂದು ತೋರುವ ತೊಡಕಿನ ಮೂಲವನ್ನೂ ಇಲ್ಲಿ ವಿಚಾರಿಸುವೆನು.

ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಎಂದರೆ ಕ್ರಿ. ಶ. ೯ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ರಚಿಸಿದ ಗಣಿತಸಾರಸಂಗ್ರಹದಲ್ಲಿ ಏಕದಿಂದ ಮಹಾಕ್ಷೋಭದವರೆಗೆ ೨೪ ಸ್ಥಾನಗಳು ಹೇಳಲ್ಪಟ್ಟಿವೆ. ಭಾಸ್ಕರಾಚಾರ್ಯನ ಲೀಲಾವತಿಯಲ್ಲಿ (ಕ್ರಿ. ಶ. ೧೧೫೦) ಪರಾರ್ಧದವರೆಗೆ ೧೮. ಒಂದೊಂದು ಸ್ಥಾನವೂ ಹಿಂದಿನದರ ಹತ್ತರಷ್ಟು. ಆದರೆ ಏಕಸ್ಥಾನದಿಂದ ಕೆಳಕ್ಕಿಳಿದೊಡನೆ ಈ ಹತ್ತರ ನಿಯಮವು ನಿಂತುಹೋಗುತ್ತದೆ. ಲೀಲಾವತಿಯ ಪರಿಭಾಷಾಪ್ರಕರಣವನ್ನೇ ನೋಡಬಹುದು: ೨೦ ವರಾಟಕಗಳಿಗೆ, ಎಂದರೆ ಕವಡೆಗಳಿಗೆ, ೧ ಕಾಕಿಣಿ, ೪ ಕಾಕಿಣಿಗೆ ೧ ಪಣ, ೧೬ ಪಣಕ್ಕೆ ೧ ದ್ರಮ್ಮ, ೧೬ ದ್ರಮ್ಮಕ್ಕೆ ೧ ನಿಷ್ಕ. ಕನ್ನಡದಲ್ಲಿಯೂ ಹಣದ ಕಾಲುಭಾಗವು ಹಾಗ, ೧೬ರಲ್ಲಿ ಒಂದು ಪಾಲು ವೀಸ. ಗ್ರಂಥದ ಆದಿಯಲ್ಲಿಯೇ ಈ ಕೋಷ್ಟಕವನ್ನು ಇಟ್ಟುದು ನಿಷ್ಕಾರಣವಲ್ಲ. ಭಿನ್ನವೆಂಬುದು ಆಗಿನ ವಿದ್ಯಾರ್ಥಿಗೆ ಕೈಯಲ್ಲಿ ಹಿಡಿದು ಎಣಿಸತಕ್ಕ ಪದಾರ್ಥವಾಗಿತ್ತೆಂದು ತೋರುತ್ತದೆ.

ಜ್ಯೌತಿಷದಲ್ಲಿ ಇಳಿಯುವ ಕ್ರಮವು ೬೦ರದು. ಸೂರ್ಯನ ಮಧ್ಯಮ ದಿನಗತಿಯು ೫೯ ಕಲೆ ೮ ವಿಕಲೆ. ಇದನ್ನು ೭ ದಿನಗಳಿಗೆ ಗುಣಿಸಿದರೆ ೪೧೩ ಕಲೆ ೫೬ ವಿಕಲೆಯಾಗುವುದು. ೬೦ ಕಲೆಗೆ ಒಂದು ಭಾಗವಾದುದರಿಂದ ೬ ಭಾಗ ೫೩ ಕಲೆ ೫೬ ವಿಕಲೆ. ಇಲ್ಲಿ ಗುಣಿಸುವುದು ಒಂದು ಕೆಲಸ, ತುಂಬಿದುದನ್ನು ಮೇಲಿನ ಸ್ಥಾನಕ್ಕೆ ಏರಿಸುವುದು ಇನ್ನೊಂದು. ಅಂಗಡಿಯ ಲೆಕ್ಕವೂ ಹೀಗೆಯೇ ಇತ್ತು. ೧೨ ಪೈಗೆ ಒಂದು ಆಣೆಯೂ ೧೬ ಆಣೆಗೆ ಒಂದು ರೂಪಾಯಿಯೂ ಇದ್ದ ಕಾಲದಲ್ಲಿ, ಸೇರಿಗೆ ೨ ಆಣೆ ೩ ಪೈಯಾದರೆ ೭ ಸೇರಿಗೆ ೧೪ ಆಣೆ ೨೧ ಪೈ, ಎಂದರೆ ೧೫ ಆಣೆ ೯ ಪೈ. ಈ ಕ್ರಮವನ್ನು ಅರಿತವನಿಗೆ ದಶಾಂಶಗುಣನದಲ್ಲಿ ಹೊಸದಾಗಿ ಕಲಿಯತಕ್ಕದ್ದು ಏನೂ ಇಲ್ಲ. ಏರಿಸುವ ಸಂಖ್ಯೆಯು ಎಲ್ಲೆಡೆಯೂ ಹತ್ತೇ ಆಗುವುದರಿಂದ ಶ್ರಮವು ಕಡಮೆಯಾಗುವುದು, ಅಷ್ಟೆ.

ಯೂರೋಪಿನಲ್ಲಿ ಇದನ್ನು ಜನಬಳಕೆಗೆ ತರಲು ಯತ್ನಿಸಿದವನು ಸಿಮೋನ್ ಸ್ಟೆವಿನ್. ಅವನಿಗಿಂತ ಮೊದಲೇ ಅರಬ್ಬೀ ಗಣಿತಜ್ಞರು ದಶಾಂಶವನ್ನು ಬಳಸಿದ್ದರು. ೧೫೮೫ರಲ್ಲಿ ಲೈಡನ್ ನಗರದಲ್ಲಿ ಪ್ರಕಟವಾದ ಅವನ ಚಿಕ್ಕ ಪುಸ್ತಕದ ಹೆಸರಿಗೆ ‘ಹತ್ತನೆಯ ಪಾಲು’ ಎಂದರ್ಥ. ಅದನ್ನು ಅವನು ಪಂಡಿತರಿಗೆ ಮಾತ್ರವಲ್ಲದೆ ಭೂಮಿಯನ್ನು ಅಳೆಯುವವರಿಗೂ ಟಂಕಸಾಲೆಯವರಿಗೂ ವರ್ತಕರಿಗೂ ಸಂಬೋಧಿಸಿದನು. ನಾಣ್ಯಗಳನ್ನೂ ತೂಕಗಳನ್ನೂ ಹತ್ತು ಹತ್ತಾಗಿಯೇ ವಿಭಾಗಿಸಬೇಕೆಂದು ವಾದಿಸಿದನು. ಅಂಕದ ರೂಪಕ್ಕೆ ಸರಿಯಾದ ವಸ್ತುವು ಕೈಯಲ್ಲಿರಬೇಕೆಂಬುದನ್ನು ಅವನು ಬಲ್ಲವನಾಗಿದ್ದನು.

ನಮ್ಮ ದೇಶದಲ್ಲಿ ಈ ಹೊಂದಿಕೆಯು ೧೯೫೭ರ ಏಪ್ರಿಲ್ ೧ರಂದು, ರೂಪಾಯಿಗೆ ೧೦೦ ನಯಾ ಪೈಸೆಯಾದಾಗ, ಉಂಟಾಯಿತು. ಬಾಲಕನು ೧೦ ಪೈಸೆಯ ನಾಣ್ಯವನ್ನು ದಶಾಂಶದ ಮೊದಲ ಸ್ಥಾನವೆಂದೂ, ೧ ಪೈಸೆಯದನ್ನು ಎರಡನೆಯ ಸ್ಥಾನವೆಂದೂ ಕಣ್ಣಾರೆ ಕಾಣಬಹುದಾಗಿತ್ತು. ೨೦೧೧ರಲ್ಲಿ ೨೫ ಪೈಸೆಯೂ ಅದಕ್ಕಿಂತ ಕಡಮೆಯ ನಾಣ್ಯಗಳೂ ಚಲಾವಣೆಯಿಂದ ಹೊರಟುಹೋದುವು. ರೂಪವು ಪಠ್ಯದಲ್ಲಿ ಉಳಿಯಿತು, ವಸ್ತುವು ಕೈಬಿಟ್ಟಿತು. ಇದನ್ನು ನಮ್ಮ ಬೋಧಕರು ಸಾಕಷ್ಟು ಗಮನಿಸಿದಂತೆ ಕಾಣುವುದಿಲ್ಲ.

೦.೩ನ್ನು ೪ರಿಂದ ಗುಣಿಸೆಂದರೆ ೦.೧೨ ಎಂದು ಬರೆಯುವ ಬಾಲಕರು ಅನೇಕರು. ಅವರಿಗೆ ಗುಣಿಸುವುದು ಬಾರದೆಂದಲ್ಲ. ಮೂರು ನಾಲ್ಕಲಿ ಹನ್ನೆರಡೆಂಬುದು ಸರಿಯಾಗಿಯೇ ಇದೆ. ಹನ್ನೆರಡು ಏನೆಂಬುದು ಮಾತ್ರ ಮರೆತುಹೋಗಿದೆ. ಬಿಂದುವಿನ ಬಲಕ್ಕೆ ಎಷ್ಟು ಅಂಕಗಳೆಂದು ಎಣಿಸುವ ಸೂತ್ರವನ್ನು ಮೊದಲೇ ಬಾಯಿಪಾಠ ಮಾಡಿಸಿದರೆ ಉತ್ತರವು ಬರಬಹುದು, ಅರ್ಥವು ಬಾರದು. ಅದಕ್ಕೆ ಬದಲಾಗಿ ಒಂದು ಚೌಕ ಕಾಗದವನ್ನು ಹತ್ತು ಸಮವಾದ ಪಟ್ಟಿಗಳಾಗಿ ಗೆರೆಯೆಳೆದು, ಮೂರು ಮೂರು ಪಟ್ಟಿಗಳನ್ನು ನಾಲ್ಕು ಸಲ ಬಣ್ಣ ತುಂಬಿಸಬೇಕು. ಹತ್ತು ಪಟ್ಟಿಗಳಿಂದ ಒಂದು ಚೌಕವು ತುಂಬಿ, ಎರಡು ಪಟ್ಟಿಗಳು ಮುಂದಿನ ಚೌಕಕ್ಕೆ ಹೋಗುವುವು; ಎಂದರೆ ೧.೨. ಅನಂತರ ಪ್ರತಿಯೊಂದು ಪಟ್ಟಿಯನ್ನೂ ಹತ್ತು ಮನೆಗಳಾಗಿ ಮಾಡಿ ೦.೦೩ನ್ನು ೪ರಿಂದ ಗುಣಿಸಲಿ. ಹನ್ನೆರಡು ಮನೆಗಳಲ್ಲಿ ಹತ್ತು ಸೇರಿ ಒಂದು ಪಟ್ಟಿಯಾಗಿ ಎರಡು ಮನೆಗಳು ಉಳಿಯುವುವು, ಎಂದರೆ ೦.೧೨. ಬಾಲಕನು ಮೊದಲಿನ ಲೆಕ್ಕಕ್ಕೆ ಬರೆದಿದ್ದ ಉತ್ತರವು ಈ ಎರಡನೆಯ ಲೆಕ್ಕದ್ದು.